ಪ್ರಿಂಟರ್ ‘ಆಫ್‌ಲೈನ್’ ಅಂದಾಗ ಹುಡುಕಬೇಕಾದ ಗಂಟು

ತಿಂಗಳ ಹಿಂದೆ ಪಹಣಿಯನ್ನೋ ಮಗಳ ಹಾಲ್ ಟಿಕೆಟನ್ನೋ ಚಂದಗೆ ತೆಗೆದುಕೊಟ್ಟ ಪ್ರಿಂಟರ್ ಇವತ್ತು ವೈಫೈಗೇ ಬರಲೊಲ್ಲದು. ಅರ್ಜಿ ಸಲ್ಲಿಸಲು ನಾಳೆ ಕಡೇ ದಿನ, ಹೊರಗೆ ಝೆರಾಕ್ಸ್ ಅಂಗಡಿ ಬಾಗಿಲು ಹಾಕಿದೆ. ಇಂಥ ಹೊತ್ತಿನಲ್ಲಿ ಬಾಗಲಕೋಟೆಯಿರಲಿ, ಬೆಳಗಾವಿಯಿರಲಿ, ಮನೆಮನೆಯಲ್ಲೂ ಮೊದಲು ನಡೆಯುವ ಕೆಲಸ ಒಂದೇ: ಡ್ರೈವರ್ ತೆಗೆದು ಮತ್ತೆ ಹಾಕುವುದು. ಡೌನ್‌ಲೋಡಿಗೆ ಅರ್ಧ ತಾಸು, ಇನ್‌ಸ್ಟಾಲಿಗೆ ಇನ್ನಷ್ಟು ಹೊತ್ತು, ಕೊನೆಗೆ ಪರದೆಯ ಮೇಲೆ ಮತ್ತದೇ ‘ಪ್ರಿಂಟರ್ ಸಿಗುತ್ತಿಲ್ಲ’. ಡ್ರೈವರ್ ಮಾಡುವುದು ನಮ್ಮ ಪುಟವನ್ನು ಪ್ರಿಂಟರಿಗೆ ತಿಳಿಯುವ ರೂಪಕ್ಕೆ ತರುವ ಕೆಲಸವನ್ನಷ್ಟೇ. ಪ್ರಿಂಟರಿಗೂ ರೌಟರಿಗೂ ನಡುವೆ ಸಂಪರ್ಕವೇ ಇಲ್ಲದಾಗ ಅದನ್ನು ಎಷ್ಟು ಸಲ ಹಾಕಿದರೂ ಅಷ್ಟೇ.

ಆದರೆ ಈ ಉಪಾಯ ಒಮ್ಮೊಮ್ಮೆ ಫಲ ಕೊಡುತ್ತದೆ. ಅದಕ್ಕೇ ಜನ ಇದನ್ನು ಬಿಡುವುದಿಲ್ಲ. ಇನ್‌ಸ್ಟಾಲ್ ಮಾಡುವ ತಂತ್ರಾಂಶ ನೆಟ್‌ವರ್ಕಿನಲ್ಲಿ ಪ್ರಿಂಟರನ್ನು ಹೊಸದಾಗಿ ಹುಡುಕುತ್ತದೆ, ಸಿಕ್ಕರೆ ಅದರ ಇವತ್ತಿನ ವಿಳಾಸವನ್ನು, ಅಂದರೆ ನೆಟ್‌ವರ್ಕಿನಲ್ಲಿ ಅದಕ್ಕೆ ಸಿಕ್ಕ ಸಂಖ್ಯೆಯನ್ನು, ಬರೆದಿಟ್ಟುಕೊಳ್ಳುತ್ತದೆ. ಗುಣವಾದದ್ದು ವಿಳಾಸ, ಹೆಸರು ಬಂದದ್ದು ಡ್ರೈವರಿಗೆ. ಮುಂದಿನ ತಿಂಗಳು ವಿಳಾಸ ಮತ್ತೆ ಬದಲಾಗುತ್ತದೆ, ಮತ್ತೆ ಅದೇ ಪಾಡು. ಇಂಥ ಲ್ಯಾಪ್‌ಟಾಪಿನ ಪ್ರಿಂಟರ್ ಪಟ್ಟಿ ತೆರೆದರೆ ಒಂದೇ ಯಂತ್ರ ‘ಕಾಪಿ 1’, ‘ಕಾಪಿ 2’ ಅಂತ ಮೂರು ಹೆಸರಿನಲ್ಲಿ ಕೂತಿರುತ್ತದೆ. ಅದರಲ್ಲಿ ಯಾವುದು ನಿಜದ್ದು ಅಂತ ಮನೆಯವರಿಗೂ ತಿಳಿಯದು.

ಪ್ರಿಂಟ್ ಬರಬೇಕೆಂದರೆ ಮೂರು ಕೆಲಸ ಒಂದರ ಹಿಂದೊಂದು ಆಗಬೇಕು. ಪ್ರಿಂಟರ್ ರೌಟರಿನ ವೈಫೈ ಸೇರಬೇಕು. ರೌಟರ್ ಅದಕ್ಕೊಂದು ಐಪಿ ವಿಳಾಸ ಕೊಡಬೇಕು. ಲ್ಯಾಪ್‌ಟಾಪೋ ಮೊಬೈಲೋ ಅದೇ ವಿಳಾಸಕ್ಕೆ ಹೋಗಿ ಪ್ರಿಂಟರನ್ನು ಕಾಣಬೇಕು. ಎಲ್ಲಿ ಕಡಿದರೂ ಕಂಪ್ಯೂಟರ್ ಹೇಳುವುದು ‘ಆಫ್‌ಲೈನ್’ ಎಂಬ ಒಂದೇ ಮಾತು. ಯಾವ ಗಂಟು ಬಿಚ್ಚಿದೆ ಅಂತ ನೋಡದೆ ಮಾಡಿದ ರಿಪೇರಿಯೆಲ್ಲ ಅಂದಾಜಿನ ಗುಂಡು.

ಮೊದಲು ಒಂದು ಹಾಳೆ ತೆಗೆಯಿರಿ

ವೈಫೈ ಇಲ್ಲದಿದ್ದರೂ ಪ್ರಿಂಟರ್ ತನ್ನ ಸ್ಥಿತಿಯನ್ನು ತಾನೇ ಪ್ರಿಂಟ್ ಮಾಡಿ ಕೊಡಬಲ್ಲದು. ಇದು ಬಹಳ ಮಂದಿಗೆ ಗೊತ್ತಿಲ್ಲ. ಸಣ್ಣ ಪರದೆ ಇರುವ ಮಾದರಿಯಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಅಲ್ಲಿ ಸ್ಟೇಟಸ್ ಪುಟ. ಪರದೆ ಇಲ್ಲದ ಎಚ್‌ಪಿ ಮಾದರಿಗಳು ಹಲವಕ್ಕೆ ‘ಐ’ ಗುರುತಿನ ಗುಂಡಿಯಿದೆ. ಎಪ್ಸನ್‌ನ ಇಂಕ್ ಟ್ಯಾಂಕ್ ವೈಫೈ ಮಾದರಿಗಳಲ್ಲಿ ಹಾಳೆಯ ಚಿತ್ರವಿರುವ ಗುಂಡಿ ನೋಡಿ. ಉಳಿದವಕ್ಕೆ ಡಬ್ಬಿಯಲ್ಲಿ ಬಂದ ಕೈಪಿಡಿ ತೆಗೆಯುವುದೇ ಒಳ್ಳೆಯದು, ಏಕೆಂದರೆ ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಗುಂಡಿ ಒತ್ತುವ ಕ್ರಮ ಬೇರೆ ಬೇರೆ.

ಆ ಹಾಳೆಯಲ್ಲಿ ನೋಡಬೇಕಾದ ಸಾಲು ನಾಲ್ಕೇ. ವೈಫೈ ಹೆಸರು, ಐಪಿ ವಿಳಾಸ, ಸಿಗ್ನಲ್, ಮ್ಯಾಕ್ ವಿಳಾಸ (ಕಂಪನಿಯಲ್ಲೇ ಯಂತ್ರಕ್ಕೆ ಕೊಟ್ಟ ಗುರುತು). ಹೆಸರಿನ ಜಾಗ ಖಾಲಿ ಇದ್ದರೆ, ಇಲ್ಲವೇ ಹಳೇ ರೌಟರಿನ ಹೆಸರಿದ್ದರೆ ಮೊದಲ ಗಂಟೇ ಬಿಚ್ಚಿದೆ; ಪ್ರಿಂಟರ್ ಇನ್ನೂ ರೌಟರಿನ ಹೊಸ್ತಿಲು ದಾಟಿಲ್ಲ. ಹೆಸರು ಸರಿಯಿದ್ದು ಐಪಿ ವಿಳಾಸ 169.254 ಅಂತ ಶುರುವಾಗಿದ್ದರೆ ರೌಟರ್ ವಿಳಾಸ ಕೊಟ್ಟಿಲ್ಲ, ಯಂತ್ರ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ಆಗ ರೌಟರನ್ನು ಒಮ್ಮೆ ಆರಿಸಿ ಹಚ್ಚಿ, ಆಮೇಲೆ ಪ್ರಿಂಟರ್ ಹಚ್ಚಿ. ವಿಳಾಸ 192.168ರಿಂದ ಶುರುವಾಗಿದ್ದರೆ ಮೊದಲ ಎರಡೂ ಗಂಟು ಬಿಗಿಯಾಗಿವೆ. ಆ ಸಂಖ್ಯೆಯನ್ನು ಹಾಗೇ ಬ್ರೌಸರಿನ ವಿಳಾಸದ ಪಟ್ಟಿಯಲ್ಲಿ ಬರೆದು ಎಂಟರ್ ಒತ್ತಿ. ಪ್ರಿಂಟರಿನದೇ ಪುಟ ತೆರೆದುಕೊಂಡರೆ, ಇಂಕಿನ ಮಟ್ಟ ಕಂಡರೆ, ತೊಂದರೆ ಲ್ಯಾಪ್‌ಟಾಪಿನ ಒಳಗಿದೆ. ತೆರೆಯದಿದ್ದರೆ ಎರಡೂ ಬೇರೆ ಬೇರೆ ನೆಟ್‌ವರ್ಕಿನಲ್ಲಿವೆ, ಅಥವಾ ರೌಟರೇ ನಡುವೆ ಅಡ್ಡಗಟ್ಟಿದೆ.

ಸಿಗ್ನಲ್ ಅಂಕೆ ಡಿಬಿಎಮ್ ಎಂಬ ಅಳತೆಯಲ್ಲಿದ್ದರೆ ಅದಕ್ಕೆ ಋಣಚಿಹ್ನೆ ಇರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ‑50 ಚೊಕ್ಕ, ‑70 ಅಂಚಿನಲ್ಲಿದೆ, ‑80ರಲ್ಲಿ ಅರ್ಧ ಪುಟ ಬಂದು ನಿಲ್ಲುವುದು ಸಹಜ. ನಮ್ಮ ಕಡೆಯ ಹಳೇ ಮನೆಗಳ ಕಲ್ಲಿನ ಗೋಡೆ ಬೇಸಿಗೆಗೆ ಎಷ್ಟು ತಂಪೋ ವೈಫೈಗೆ ಅಷ್ಟೇ ಬಿಗಿ. ಪಡಸಾಲೆಯ ರೌಟರಿನಿಂದ ಒಳಮನೆಯ ಪ್ರಿಂಟರಿಗೆ ಎರಡು ಕಲ್ಲುಗೋಡೆ ಅಡ್ಡ ಬಂದರೆ ಯಾವ ಸೆಟ್ಟಿಂಗೂ ಉಪಕಾರಕ್ಕೆ ಬಾರದು. ಉಕ್ಕಿನ ತಿಜೋರಿಯ ಬೆನ್ನಿಗಿಟ್ಟ ಪ್ರಿಂಟರಿನ ಕತೆಯೂ ಇದೇ. ಜೋಡಿಸುವಾಗ ಪ್ರಿಂಟರನ್ನು ರೌಟರಿನ ಪಕ್ಕಕ್ಕೆ ತಂದು ಜೋಡಿಸಿ, ಆಮೇಲೆ ಅದರ ಜಾಗಕ್ಕೆ ಒಯ್ಯಿರಿ. ಅಲ್ಲಿಗೆ ಒಯ್ದ ಮೇಲೆ ಕಡಿದುಹೋದರೆ ಕಾರಣ ದೂರ, ಪಾಸ್‌ವರ್ಡ್ ಅಲ್ಲ.

2.4ರ ವಿಷಯ

ಹೊಸ ಫೈಬರ್ ಸಂಪರ್ಕದ ಜೊತೆ ಬರುವ ರೌಟರ್‌ಗಳು ಬಹುಮಟ್ಟಿಗೆ ಎರಡು ಬ್ಯಾಂಡಿನವು (ರೇಡಿಯೋ ತರಂಗದ ಎರಡು ಪಟ್ಟಿಯವು): 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮನೆಬಳಕೆಯ ಕಡಿಮೆ ಬೆಲೆಯ ಇಂಕ್‌ಜೆಟ್ ಪ್ರಿಂಟರುಗಳಲ್ಲಿ ಹೆಚ್ಚಿನವಕ್ಕೆ ಕೇಳಿಸುವುದು 2.4 ಮಾತ್ರ. ಇದನ್ನು ಕಂಪನಿಗಳ ಜಿಪುಣತನ ಅಂತ ಬೈಯುವವರಿದ್ದಾರೆ. ಅದು ಪೂರ್ತಿ ನ್ಯಾಯವಲ್ಲ. ಒಂದು ಪುಟ ಕಳಿಸಲು ವೇಗವೇನೂ ಬೇಡ, ಮೂಲೆಯ ಖೋಲಿಯ ತನಕ ಸಿಗ್ನಲ್ ಮುಟ್ಟಬೇಕು, ಗೋಡೆ ದಾಟುವುದರಲ್ಲಿ 2.4 ಮುಂದು. ತಕರಾರು ಬರುವುದು ರೌಟರ್ ಎರಡೂ ಬ್ಯಾಂಡಿಗೆ ಒಂದೇ ಹೆಸರಿಟ್ಟು, ಯಾವ ಸಾಧನ ಎಲ್ಲಿಗೆ ಅಂತ ತಾನೇ ತೀರ್ಮಾನಿಸಲು ಹೊರಟಾಗ. ‘ಸ್ಮಾರ್ಟ್ ಕನೆಕ್ಟ್’, ‘ಬ್ಯಾಂಡ್ ಸ್ಟೀರಿಂಗ್’ ಎಂಬ ಹೆಸರಿನಲ್ಲಿ ಆ ಸೌಲಭ್ಯ ಇರುತ್ತದೆ. ಮೊಬೈಲಿಗೆ ಅದು ವರ. 2.4ರಲ್ಲಿ ಬಂದ ಕರೆಗೆ ರೌಟರ್ ಬೇಕಂತಲೇ ಕೊಂಚ ತಡೆದು ಓಗೊಡುತ್ತದೆ, 5ಕ್ಕೆ ಹೋಗಲಿ ಅಂತ. 5 ಅನ್ನುವುದೇ ಗೊತ್ತಿಲ್ಲದ ಪ್ರಿಂಟರ್ ಕಾದು ಬೇಸತ್ತು ‘ಸಂಪರ್ಕ ವಿಫಲ’ ಅನ್ನುತ್ತದೆ.

ಮಾಡಬೇಕಾದದ್ದು ಹೀಗೆ. ಬ್ರೌಸರಿನಲ್ಲಿ ರೌಟರಿನ ಪುಟ ತೆರೆಯಿರಿ, 192.168.1.1 ಅಥವಾ 192.168.0.1, ರೌಟರಿನ ತಳದ ಚೀಟಿಯಲ್ಲಿ ಬರೆದಿರುತ್ತದೆ, ಒಳಹೋಗುವ ಹೆಸರು ಪಾಸ್‌ವರ್ಡ್ ಕೂಡ ಅಲ್ಲೇ. ವೈರ್‌ಲೆಸ್ ಭಾಗದಲ್ಲಿ ಸ್ಮಾರ್ಟ್ ಕನೆಕ್ಟ್ ಬಂದ್ ಮಾಡಿ, ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರು ಕೊಡಿ. 2.4ರ ಭದ್ರತೆಯನ್ನು ಡಬ್ಲ್ಯುಪಿಎ2, ಎಇಎಸ್ ಅಂತ ಇಡಿ. ಡಬ್ಲ್ಯುಪಿಎ3 ಮಾತ್ರ ಅಂತಿದ್ದರೆ ಹಳೇ ಪ್ರಿಂಟರುಗಳಿಗೆ ಅದು ಅರ್ಥವೇ ಆಗದು, ಎರಡೂ ಬೆರೆತ ಆಯ್ಕೆಯಲ್ಲೂ ಕೆಲವು ಮುಗ್ಗರಿಸುತ್ತವೆ. ಚಾನೆಲ್ ‘ಆಟೋ’ ಬಿಟ್ಟು 1, 6, 11ರಲ್ಲಿ ಒಂದನ್ನು ಹಿಡಿಯಿರಿ, ಅಗಲ 20 ಮೆಗಾಹರ್ಟ್ಸ್. ಅಮೆರಿಕದಲ್ಲಿರುವ ಮಗ ತಂದುಕೊಟ್ಟ ಪ್ರಿಂಟರ್ ಆದರೆ ಇದು ಇನ್ನೂ ಮುಖ್ಯ: ಅಲ್ಲಿಯ ಯಂತ್ರಗಳು ಸಾಮಾನ್ಯವಾಗಿ 11ನೇ ಚಾನೆಲ್ ತನಕವಷ್ಟೇ ನೋಡುತ್ತವೆ, ಇಲ್ಲಿಯ ರೌಟರ್ 12ಕ್ಕೋ 13ಕ್ಕೋ ಹೋಗಿ ಕೂತರೆ ವೈಫೈ ಹೆಸರೇ ಪಟ್ಟಿಯಲ್ಲಿ ಕಾಣದು. (ಅಂಥ ಪ್ರಿಂಟರನ್ನು ಗೋಡೆಯ ಪ್ಲಗ್ಗಿಗೆ ಹಚ್ಚುವ ಮೊದಲು ಬೆನ್ನಿನ ಚೀಟಿಯಲ್ಲಿ 100ರಿಂದ 240 ವೋಲ್ಟ್ ಅಂತಿದೆಯೋ ನೋಡಿ. ಬರೀ 110–120 ಅಂತಿದ್ದರೆ ಚರ್ಚೆಗೆ ವೈಫೈ ಉಳಿಯುವುದಿಲ್ಲ, ಹೊಗೆ ಉಳಿಯುತ್ತದೆ.)

ಜೋಡಿಸುವ ಹೊತ್ತಿನಲ್ಲಿ ಮೊಬೈಲನ್ನೂ 2.4ರ ಹೆಸರಿಗೆ ಸೇರಿಸಿ, ಏಕೆಂದರೆ ಪ್ರಿಂಟರ್ ಕಂಪನಿಯ ಆ್ಯಪ್ ಮೊಬೈಲ್ ಯಾವ ವೈಫೈನಲ್ಲಿದೆಯೋ ಅದರ ಹೆಸರನ್ನೇ ಪ್ರಿಂಟರಿಗೆ ದಾಟಿಸುತ್ತದೆ. ಕೆಲಸ ಮುಗಿದ ಮೇಲೆ ಮೊಬೈಲ್ 5ಕ್ಕೆ ಮರಳಿದರೂ ಅಡ್ಡಿಯಿಲ್ಲ. ಎರಡು ಬ್ಯಾಂಡೂ ಒಂದೇ ಮನೆಯ ನೆಟ್‌ವರ್ಕು, ಪ್ರಿಂಟ್ ಬರುತ್ತದೆ. ಸದಾ ಒಂದೇ ಬ್ಯಾಂಡಿನಲ್ಲಿರಬೇಕು ಎಂಬ ಸಲಹೆ ಬಹಳ ಓಡಾಡುತ್ತದೆ, ಅದು ತಪ್ಪು.

ಆ್ಯಪಿನ ಹಂತದಲ್ಲೂ ಎರಡು ಮುಳ್ಳುಗಳಿವೆ. ಸೆಟಪ್ ಸ್ಥಿತಿಯಲ್ಲಿ ಪ್ರಿಂಟರ್ ತನ್ನದೇ ತಾತ್ಕಾಲಿಕ ವೈಫೈ ಬಿಡುತ್ತದೆ, ಅದರಲ್ಲಿ ಇಂಟರ್ನೆಟ್ ಇಲ್ಲ. ಇದನ್ನು ಕಂಡ ಆಂಡ್ರಾಯ್ಡ್ ಮೊಬೈಲ್ ಸದ್ದಿಲ್ಲದೆ ಸಿಮ್ ಡೇಟಾಕ್ಕೆ ಜಿಗಿಯುತ್ತದೆ, ಪ್ರಿಂಟರ್ ಜೊತೆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಆ ಹೊತ್ತಿಗೆ ಮೊಬೈಲ್ ಡೇಟಾ ಬಂದ್ ಮಾಡಿ, ವಿಪಿಎನ್ ಇದ್ದರೆ ಅದನ್ನೂ. ಲೊಕೇಶನ್ ಅನುಮತಿ ಕೇಳಿದರೆ ಕೊಡಿ, ಸುತ್ತಲಿನ ವೈಫೈ ಹುಡುಕಲು ಆಂಡ್ರಾಯ್ಡಿಗೆ ಅದು ಬೇಕು. ಎರಡನೆಯದು ಸಮಯ. ಸೆಟಪ್ ಸ್ಥಿತಿ ಸದಾ ಇರುವುದಿಲ್ಲ. ಎಚ್‌ಪಿಯ ಹಲವು ಮಾದರಿಗಳಲ್ಲಿ ಎರಡು ತಾಸಿಗೆ ಮುಗಿಯುತ್ತದೆ. ಮುಗಿದಿದ್ದರೆ ಕೈಪಿಡಿಯಲ್ಲಿ ಹೇಳಿದಂತೆ ವೈಫೈ ಸೆಟ್ಟಿಂಗ್ ಅಳಿಸಿ ಮತ್ತೆ ಶುರುಮಾಡಬೇಕು. ಪಾಸ್‌ವರ್ಡ್ ಬರೆಯದೆ ಜೋಡಿಸುವ ಡಬ್ಲ್ಯುಪಿಎಸ್ ಗುಂಡಿ ಎರಡೂ ಕಡೆ ಇದ್ದರೆ ಆ್ಯಪಿನ ಗೊಡವೆಯೇ ಬೇಡ: ರೌಟರಿನ ಗುಂಡಿ ಒತ್ತಿ ಎರಡು ನಿಮಿಷದೊಳಗೆ ಪ್ರಿಂಟರಿನದು ಒತ್ತಿದರೆ ಆಯಿತು. ವೈಫೈ ಹೆಸರನ್ನು ಮರೆಮಾಡಿದ್ದರೆ, ಡಬ್ಲ್ಯುಪಿಎ3 ಮಾತ್ರ ಇದ್ದರೆ ಇದು ನಡೆಯುವುದಿಲ್ಲ.

ಇಂಟರ್ನೆಟ್ ಕಂಪನಿ ಬದಲಿಸಿ ಹೊಸ ರೌಟರ್ ಬಂದಾಗ ಇಷ್ಟೆಲ್ಲ ಪಡಿಪಾಟಲು ತಪ್ಪಿಸುವ ದಾರಿಯೊಂದಿದೆ. ಹೊಸ ರೌಟರಿಗೆ ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡನ್ನೇ ಇಡಿ. ಅಕ್ಷರ ದೊಡ್ಡದು ಚಿಕ್ಕದು, ನಡುವಿನ ಖಾಲಿ ಜಾಗ, ಎಲ್ಲ ಹಾಗ್ಹಾಗೇ. ಭದ್ರತೆಯ ಬಗೆಯೂ ಹಳೆಯದೇ ಇದ್ದರೆ ಪ್ರಿಂಟರ್, ಟಿವಿ, ಕ್ಯಾಮೆರಾ ಯಾವುದಕ್ಕೂ ರೌಟರ್ ಬದಲಾದ ಸುದ್ದಿಯೇ ತಿಳಿಯುವುದಿಲ್ಲ. ಹಳೇ ಡಬ್ಬಿಯನ್ನು ಮರಳಿಸುವ ಮೊದಲು ಅದರ ಚೀಟಿಯ ಒಂದು ಫೋಟೋ ಹೊಡೆದಿಟ್ಟುಕೊಂಡರೆ ಸಾಕು.

ಎರಡು ಡಬ್ಬಿಯ ಮನೆ

ಬಾಗಲಕೋಟೆಯ ನವನಗರದ ಎರಡಂತಸ್ತಿನ ಮನೆ. ಫೈಬರ್ ವಾಯರ್ ಕೆಳಗೆ ಬಾಗಿಲ ಬಳಿ ಇಳಿದಿದೆ, ಪ್ರಿಂಟರ್ ಮೇಲೆ ಮಕ್ಕಳ ಓದುವ ಖೋಲಿಯಲ್ಲಿ. ನೋಡಲು ಬಂದ ಹುಡುಗನಿಗೂ ಮನೆಯ ಯಜಮಾನರಿಗೂ ಮಾತು:

“ಕಾಕಾರ, ಮನ್ಯಾಗ ರೌಟರ್ ಎಷ್ಟ ಅದಾವ್ರಿ?”

“ಒಂದ ಐತಿ ತಮ್ಮಾ.”

“ಮತ್ತ ಮ್ಯಾಲಿನ ಖೋಲ್ಯಾಗ ಮಿಣಿಮಿಣಿ ಅನ್ನೋದು ಏನ್ರಿ ಅದು?”

“ಅದು ಹಳೇದು. ರೇಂಜ್ ಬರ್ಲಿ ಅಂತ ಮಗಾ ಹಚ್ಚ್ಯಾನ. ಇಂಟರ್ನೆಟ್ ಛಲೋ ಬರ್ತತಿ, ಪ್ರಿಂಟ್ ಅಷ್ಟ ಬರವಲ್ದು. ಮಗನ ಲ್ಯಾಪ್‌ಟಾಪಿಗೆ ಬರ್ತತಿ, ತೆಳಗ ನನ್ನ ಮೊಬೈಲಿಗೆ ಬರೂದಿಲ್ಲ.”

ಕೊನೆಯ ಆ ಮಾತಿನಲ್ಲೇ ರೋಗನಿದಾನ ಇದೆ. ಮೇಲಿನ ಹಳೇ ರೌಟರಿನ ‘ವ್ಯಾನ್’ ಕಿಂಡಿಗೆ (ಹೊರಗಿನಿಂದ ಇಂಟರ್ನೆಟ್ ಬರುವ ಕಿಂಡಿ) ಕೆಳಗಿನಿಂದ ಕೇಬಲ್ ಹಾಕಿದರೆ ಅದು ಬರೀ ರೇಂಜ್ ಹೆಚ್ಚಿಸುವುದಿಲ್ಲ, ತನ್ನದೇ ಬೇರೊಂದು ನೆಟ್‌ವರ್ಕ್ ಕಟ್ಟುತ್ತದೆ. ಕೆಳಗಿನವರ ವಿಳಾಸ 192.168.1 ಅಂತ, ಮೇಲಿನವರದು 192.168.0 ಅಂತ. ಇಂಟರ್ನೆಟ್ಟಿಗೆ ಇದರಿಂದ ತೊಂದರೆ ಇಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಮೇಲಿನ ಲ್ಯಾಪ್‌ಟಾಪ್, ಮೇಲಿನ ಪ್ರಿಂಟರ್ ಒಂದೇ ನೆಟ್‌ವರ್ಕಿನವು, ಪ್ರಿಂಟ್ ಬರುತ್ತದೆ. ಕೆಳಗಿನ ಮೊಬೈಲ್ ‘ಪ್ರಿಂಟರ್ ಯಾರಿದ್ದೀರಿ’ ಅಂತ ಕೂಗುವ ಕೂಗು ಆ ಗಡಿ ದಾಟದು. ಪ್ರಿಂಟರ್ ಕೆಳಗಿದ್ದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಮೇಲಿನ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಪ್ರಿಂಟರ್ ತಾನಾಗಿ ಕಾಣಿಸದು, ಐಪಿ ವಿಳಾಸ ಕೈಯಿಂದ ಬರೆದರೆ ಮಾತ್ರ ಪ್ರಿಂಟ್ ಆಗುತ್ತದೆ. ಒಳಗಿನ, ಅಂದರೆ ಮೇಲಿನ ರೌಟರಿನಿಂದ ಹೊರಗೆ ದಾರಿಯಿದೆ, ಹೊರಗಿನಿಂದ ಒಳಗಿಲ್ಲ.

ಹಳೇ ರೌಟರಿನ ಮೆನುವಿನಲ್ಲಿ ‘ಆಕ್ಸೆಸ್ ಪಾಯಿಂಟ್’ (ಬೇರೆ ನೆಟ್‌ವರ್ಕ್ ಕಟ್ಟದೆ ಬರೀ ವೈಫೈ ಹರಡುವ) ಆಯ್ಕೆ ಇದ್ದರೆ ಅದನ್ನು ಹಾಕಿದರೆ ಮುಗಿಯಿತು. ಇಲ್ಲದಿದ್ದರೆ ಕೈಯಿಂದ: ಅದರ ಸ್ವಂತ ವಿಳಾಸವನ್ನು 192.168.1.2 ಮಾಡಿ, ಕೆಳಗಿನದು 192.168.1.1 ಇದೆ ಎಂದುಕೊಂಡು ಈ ಲೆಕ್ಕ. ಅದರ ಡಿಎಚ್‌ಸಿಪಿಯನ್ನು, ಅಂದರೆ ವಿಳಾಸ ಹಂಚುವ ಕೆಲಸವನ್ನು, ಬಂದ್ ಮಾಡಿ. ಕೇಬಲನ್ನು ವ್ಯಾನ್ ಕಿಂಡಿಯಿಂದ ಕಿತ್ತು ಮನೆಯ ಸಾಧನಗಳಿಗಿರುವ ಲ್ಯಾನ್ ಕಿಂಡಿಗೆ ಹಾಕಿ. ಕ್ರಮ ಇದೇ ಇರಲಿ. ಮೊದಲೇ ಕೇಬಲ್ ಬದಲಿಸಿದರೆ ಒಂದೇ ನೆಟ್‌ವರ್ಕಿನಲ್ಲಿ ಇಬ್ಬರು ವಿಳಾಸ ಹಂಚಲು ಶುರುಮಾಡಿ ಇದ್ದ ಇಂಟರ್ನೆಟ್ಟೂ ಹೋಗುತ್ತದೆ. ಆಮೇಲೆ ಪ್ರಿಂಟರ್, ಮೊಬೈಲ್ ಎಲ್ಲವನ್ನೂ ಒಮ್ಮೆ ಆರಿಸಿ ಹಚ್ಚಿ ಹೊಸ ವಿಳಾಸ ತೆಗೆದುಕೊಳ್ಳಲು ಬಿಡಿ.

ಬೆಳಗಾವಿಯಲ್ಲಿ ಓದುವ ಹುಡುಗರ ಪಿಜಿ, ಬಾಡಿಗೆ ಖೋಲಿಗಳಲ್ಲಿ ತೊಂದರೆ ಇದೇ ಜಾತಿಯದು, ಪರಿಹಾರ ಬೇರೆ. ಅಲ್ಲಿ ವೈಫೈ ಮಾಲೀಕರದು, ಒಂದು ಸಾಧನ ಇನ್ನೊಂದನ್ನು ನೋಡದಂತೆ ‘ಐಸೋಲೇಶನ್’ ಹಾಕಿರುವುದುಂಟು. ಮನೆಯ ‘ಗೆಸ್ಟ್’ ವೈಫೈನ ಗುಣವೂ ಇದೇ. ಹತ್ತು ಹುಡುಗರು ಇರುವಲ್ಲಿ ಅದು ಸರಿಯಾದ ಕ್ರಮವೇ, ತೆಗೆಸಲು ಜಗಳವಾಡುವುದು ವ್ಯರ್ಥ. ಪ್ರಿಂಟರಿನ ವೈಫೈ ಡೈರೆಕ್ಟ್ ಬಳಸಿ: ಪಟ್ಟಿಯಲ್ಲಿ ‘ಡೈರೆಕ್ಟ್’ ಅಂತ ಶುರುವಾಗುವ ಹೆಸರು ಪ್ರಿಂಟರಿನದೇ, ಪಾಸ್‌ವರ್ಡ್ ಆ ಸ್ಟೇಟಸ್ ಹಾಳೆಯಲ್ಲಿದೆ. ಪ್ರಿಂಟ್ ಮುಗಿಯುವ ತನಕ ಆ ವೈಫೈನಿಂದ ಇಂಟರ್ನೆಟ್ ಸಿಗದು, ಆದ್ದರಿಂದ ಪ್ರಾಜೆಕ್ಟ್ ರಿಪೋರ್ಟಿನ ಪಿಡಿಎಫ್ ಮೊದಲೇ ಇಳಿಸಿಟ್ಟುಕೊಳ್ಳಿ.

ಮೊಬೈಲ್ ಹಾಟ್‌ಸ್ಪಾಟಿನ ಮೇಲೆಯೇ ನಡೆಯುವ ಮನೆಗಳಲ್ಲಿ ಹಾಟ್‌ಸ್ಪಾಟಿನ ಬ್ಯಾಂಡನ್ನು 2.4ಕ್ಕೆ ಇಳಿಸಬೇಕು. ಐಫೋನಿನಲ್ಲಿ ಅದಕ್ಕೆ ‘ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ’ ಎಂಬ ಗುಂಡಿ. ದಿನನಿತ್ಯದ ಪ್ರಿಂಟಿಂಗಿಗೆ ಈ ಏರ್ಪಾಡು ನಂಬುವಂಥದ್ದಲ್ಲ.

ಕರೆಂಟ್ ಹೋಗಿ ಬಂದ ಮೇಲೆ

ವಿಜಯಪುರದ ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಗಿ ತಾಸು ಬಿಟ್ಟು ಬರುತ್ತದೆ. ಪ್ರಿಂಟರ್ ಅರ್ಧ ನಿಮಿಷದಲ್ಲಿ ಎದ್ದು ವೈಫೈ ಹುಡುಕುತ್ತದೆ. ಫೈಬರ್ ಡಬ್ಬಿಗೆ ಏಳಲು ಎರಡು ಮೂರು ನಿಮಿಷ ಬೇಕು. ಕೆಲವು ಪ್ರಿಂಟರುಗಳು ಬಿಡದೆ ಹುಡುಕುತ್ತವೆ, ಕೆಲವು ಸ್ವಲ್ಪ ಹೊತ್ತಿಗೆ ಕೈಬಿಟ್ಟು ದೀಪ ಮಿಣುಕಿಸುತ್ತ ಕೂರುತ್ತವೆ. ರೌಟರಿನ ದೀಪಗಳು ನೆಲೆ ನಿಂತ ಮೇಲೆ ಪ್ರಿಂಟರನ್ನು ಆರಿಸಿ ಹಚ್ಚಿದರೆ ಅಷ್ಟಕ್ಕೇ ಮುಗಿಯುತ್ತದೆ. ರೌಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲಿನ ವೋಲ್ಟ್, ಆಂಪಿಯರ್ ಎರಡನ್ನೂ ಹೊಂದಿಸಿ ನೋಡಿ, 9 ವೋಲ್ಟಿನ ರೌಟರೂ ಇವೆ.

ಇಷ್ಟಾದರೂ ಪ್ರಿಂಟ್ ಬರದಿದ್ದರೆ ವಿಳಾಸ ಅದಲುಬದಲಾಗಿದೆ. ಅಗ್ಗದ ರೌಟರ್‌ಗಳು ಯಾರಿಗೆ ಯಾವ ವಿಳಾಸ ಕೊಟ್ಟೆವು ಎಂಬ ಪಟ್ಟಿಯನ್ನು ಕರೆಂಟ್ ಹೋದಾಗ ಕಳೆದುಕೊಳ್ಳುತ್ತವೆ, ಎದ್ದ ಮೇಲೆ ಬಂದವರಿಗೆ ಬಂದಂತೆ ಹಂಚುತ್ತವೆ. ನಿನ್ನೆ ಪ್ರಿಂಟರಿಗಿದ್ದ ಸಂಖ್ಯೆ ಇವತ್ತು ಟಿವಿಗೆ ಹೋಗಿರಬಹುದು. ಲ್ಯಾಪ್‌ಟಾಪ್ ಮಾತ್ರ, ಸಂತೆಯಲ್ಲಿ ಬಾಳೆಹಣ್ಣಿನವ ಹೋದ ವಾರ ಕೂತಿದ್ದ ಜಾಗಕ್ಕೇ ಹೋಗಿ ಇವತ್ತು ಅಲ್ಲಿ ಕೂತ ಉಳ್ಳಾಗಡ್ಡಿಯವನ ಹತ್ತಿರ ಬಾಳೆಹಣ್ಣು ಕೇಳಿದ ಹಾಗೆ, ಹಳೇ ಸಂಖ್ಯೆಗೇ ಪುಟ ಕಳಿಸುತ್ತಿರುತ್ತದೆ.

ಇದಕ್ಕೆ ಪಕ್ಕಾ ಮದ್ದು ಇರುವುದು ರೌಟರಿನಲ್ಲಿ. ಡಿಎಚ್‌ಸಿಪಿ ಭಾಗದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅಂತಲೋ ‘ಸ್ಟ್ಯಾಟಿಕ್ ಡಿಎಚ್‌ಸಿಪಿ’ ಅಂತಲೋ ಇರುತ್ತದೆ. ಸ್ಟೇಟಸ್ ಹಾಳೆಯ ಮ್ಯಾಕ್ ವಿಳಾಸದ 12 ಅಕ್ಷರಗಳನ್ನು ಅಲ್ಲಿ ಬರೆದು ಒಂದು ಸಂಖ್ಯೆಯನ್ನು, 192.168.1.50 ಅಂತಿಟ್ಟುಕೊಳ್ಳಿ, ಅದಕ್ಕೇ ಮೀಸಲಿಡಿ. ಕೇಬಲ್ ಕಿಂಡಿಯೂ ಇರುವ ಪ್ರಿಂಟರಿನ ಹಾಳೆಯಲ್ಲಿ ಎರಡು ಮ್ಯಾಕ್ ಇರುತ್ತವೆ, ವೈಫೈನದನ್ನೇ ಆರಿಸಿ. ಪ್ರಿಂಟರಿನ ಒಳಗೇ ವಿಳಾಸವನ್ನು ಕೈಯಿಂದ ಕೂರಿಸುವವರೂ ಇದ್ದಾರೆ. ಅದೂ ನಡೆಯುತ್ತದೆ, ಆದರೆ ರೌಟರ್ ಹಂಚುವ ಸಾಲಿನ ಹೊರಗಿನ ಸಂಖ್ಯೆ ಆರಿಸಬೇಕು, ಮತ್ತು ಮುಂದೆ ರೌಟರ್ ಬದಲಿಸಿದ ದಿನ ಇದನ್ನು ನೆನಪಿಟ್ಟು ತೆಗೆಯಬೇಕು. ಆ ನೆನಪು ಯಾರಿಗೂ ಇರುವುದಿಲ್ಲ. ಆದ್ದರಿಂದ ರೌಟರಿನ ದಾರಿಯೇ ಮೇಲು.

ವಿಳಾಸ ನಿಂತ ಮೇಲೆ ವಿಂಡೋಸಿಗೆ ಅದನ್ನು ಒಮ್ಮೆ ತಿಳಿಸಿ. ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್, ಆ್ಯಡ್ ಪೋರ್ಟ್, ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’, ಅಲ್ಲಿ ಮೀಸಲಿಟ್ಟ ಸಂಖ್ಯೆ. ವಿಂಡೋಸ್ ತಾನಾಗಿ ಪ್ರಿಂಟರ್ ಸೇರಿಸಿದಾಗ ‘ಡಬ್ಲ್ಯುಎಸ್‌ಡಿ’ ಎಂಬ ಬಗೆಯ ಪೋರ್ಟ್ ಹಾಕುವುದುಂಟು. ಅದು ಪ್ರತಿ ಸಲ ಪ್ರಿಂಟರನ್ನು ಹುಡುಕಿಕೊಂಡು ಹೋಗುವಂಥದ್ದು, ನಿದ್ದೆಯಲ್ಲಿರುವ ಪ್ರಿಂಟರ್ ತಡವಾಗಿ ಓಗೊಟ್ಟರೆ ‘ಆಫ್‌ಲೈನ್’ ಅಂತ ಷರಾ ಬರೆದುಬಿಡುತ್ತದೆ. ಹೊಸ ಪೋರ್ಟಿನ ಕಾನ್ಫಿಗರ್ ಗುಂಡಿ ಒತ್ತಿ ‘ಎಸ್‌ಎನ್‌ಎಂಪಿ ಸ್ಟೇಟಸ್’ ಎದುರಿನ ಟಿಕ್ ತೆಗೆಯಿರಿ. ಆ ವಿಚಾರಣೆಗೆ ಉತ್ತರ ಕೊಡದ ಪ್ರಿಂಟರುಗಳು ಚಾಲೂ ಇದ್ದೂ ಆಫ್‌ಲೈನ್ ಅನ್ನಿಸಿಕೊಳ್ಳುತ್ತವೆ. ಪ್ರಿಂಟ್ ಸಾಲಿನ ಮೆನುವಿನಲ್ಲಿ ‘ಯೂಸ್ ಪ್ರಿಂಟರ್ ಆಫ್‌ಲೈನ್’ಗೆ ಟಿಕ್ ಇದ್ದರೆ ಅದನ್ನೂ ತೆಗೆಯಿರಿ. ಮನೆಯ ವೈಫೈ ‘ಪಬ್ಲಿಕ್’ ಅಂತಿದ್ದರೆ ‘ಪ್ರೈವೇಟ್’ ಮಾಡಿ.

ಸಾಲಿನಲ್ಲಿ ಹಳೇ ಪುಟಗಳು ಸಿಕ್ಕಿಕೊಂಡು ಅಳಿಸಲೂ ಬಾರದಿದ್ದರೆ ಸರ್ವಿಸಸ್‌ನಲ್ಲಿ ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಿ, ಸಿ ಡ್ರೈವಿನ ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಎಂಬ ಫೋಲ್ಡರಿನೊಳಗಿನ ಕಡತಗಳನ್ನಷ್ಟೇ ಅಳಿಸಿ, ಸ್ಪೂಲರ್ ಮತ್ತೆ ಶುರುಮಾಡಿ. ಫೋಲ್ಡರನ್ನೇ ಅಳಿಸಬೇಡಿ. ಇದನ್ನು ಮಾಡದೆ ಸಂಪರ್ಕ ಸರಿಪಡಿಸಿದರೆ, ಹಿಂದೆ ಸಿಟ್ಟಿನಲ್ಲಿ ಹತ್ತು ಸಲ ಒತ್ತಿದ ಪ್ರಿಂಟೆಲ್ಲ ಒಟ್ಟಿಗೆ ಹೊರಬರುತ್ತದೆ.

ವೈಫೈ ಬೇಕೇ ಬೇಕೇ?

ಮೇಜಿನ ಮೇಲೆ ಕಂಪ್ಯೂಟರ್, ಮಗ್ಗುಲಲ್ಲೇ ಪ್ರಿಂಟರ್, ಮೊಬೈಲಿನಿಂದ ಪ್ರಿಂಟ್ ತೆಗೆಯುವವರು ಯಾರೂ ಇಲ್ಲ. ಹೀಗಿರುವ ಮನೆಗಳು ಬಹಳ. ಅಲ್ಲಿ ವೈಫೈ ಜೊತೆ ಗುದ್ದಾಡುವುದರಲ್ಲಿ ಅರ್ಥವಿಲ್ಲ, ಚೌಕದ ಮೂತಿಯ ಯುಎಸ್‌ಬಿ ಕೇಬಲ್ ತನ್ನಿ. ಬಹಳಷ್ಟು ಪ್ರಿಂಟರುಗಳ ಆ ಕಿಂಡಿಯ ಮೇಲೆ ಕಂಪನಿಯವರೇ ಚೀಟಿ ಅಂಟಿಸಿರುತ್ತಾರೆ, ಕಿಂಡಿಯೇ ಇಲ್ಲ ಅಂದುಕೊಳ್ಳಬೇಡಿ. ಇನ್‌ಸ್ಟಾಲ್ ಮಾಡುವಾಗ ತಂತ್ರಾಂಶ ‘ಈಗ ಹಾಕಿ’ ಅನ್ನುವ ತನಕ ಕೇಬಲ್ ಚುಚ್ಚದಿರುವುದು ಒಳ್ಳೆಯದು. ಉದ್ದ ಎರಡು ಮೀಟರ್ ಸಾಕು, ಐದು ಮೀಟರ್ ಮೀರಬಾರದು. ಕೆಲವು ಮಾದರಿಗಳಲ್ಲಿ ಕೇಬಲಿನಿಂದ ಕಂಪ್ಯೂಟರಿಗೂ ವೈಫೈ ಡೈರೆಕ್ಟ್‌ನಿಂದ ಮೊಬೈಲಿಗೂ ಒಟ್ಟಿಗೆ ಕೊಡಬಹುದು. ಇನ್ನು ಕೆಲವು ಒಂದರಲ್ಲಿದ್ದಾಗ ಇನ್ನೊಂದನ್ನು ಮುಚ್ಚುತ್ತವೆ, ಹಾಗಾದರೆ ಪ್ರಿಂಟರಿನ ಮೆನುವಿನಲ್ಲಿ ಯಾವುದು ಬೇಕು ಅಂತ ಆರಿಸಬೇಕು.